ಮೀಟರಪ್ಪನ ಆರು ಮುಳ್ಳು

ಇಪ್ಪತ್ತೆರಡು ವರ್ಷ ಊರವರ ಮನೆಯ ಮೀಟರು ಓದಿದವನ ಸ್ವಂತ ಕಾರಿನಲ್ಲಿ ಓದಲು ಯೋಗ್ಯವಾದ ಒಂದು ಮುಳ್ಳೂ ಇರಲಿಲ್ಲ. ಇದ್ದದ್ದು ವೇಗ ತೋರಿಸುವ ಮುಳ್ಳೊಂದೇ. ಅದು ಎಂದೋ ಒಂದು ದಿನ ಮೂವತ್ತಕ್ಕೆ ಹೋಗಿ ಅಲ್ಲೇ ಬೀಡುಬಿಟ್ಟಿತ್ತು. ಕಾರು ಓಡುವಾಗಲೂ ಮೂವತ್ತು, ಮನೆ ಮುಂದೆ ನಿಂತಾಗಲೂ ಮೂವತ್ತು. ಒಮ್ಮೆ ಗ್ಯಾರೇಜಿನವನು ನಾಲ್ಕೂ ಚಕ್ರ ಬಿಚ್ಚಿ ಕಲ್ಲಿನ ಮೇಲೆ ಕೂರಿಸಿದ್ದಾಗಲೂ ಮೂವತ್ತೇ.

ನೀರು ಸರಬರಾಜು ಇಲಾಖೆಯ ಈ ಮೀಟರ್ ರೀಡರನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಊರಿಗೆಲ್ಲ ಅವನು ಮೀಟರಪ್ಪ. ಅವನ ಮನೆ ಬೀದಿಯ ಕೆಳತುದಿಯಲ್ಲಿ, ಕೊನೆಯಿಂದ ಎರಡನೆಯದು. ನೀರು ಮೇಲ್ತುದಿಯಿಂದ ಬರುತ್ತಿತ್ತು. ಬರುತ್ತಿತ್ತು ಎಂದರೆ ಹೊರಡುತ್ತಿತ್ತು. ಮೇಲ್ತುದಿಯವರು ಪೈಪಿಗೆ ನೇರ ಮೋಟಾರು ಹಾಕಿ ಎಳೆದುಕೊಂಡು ಬಿಡುತ್ತಿದ್ದುದರಿಂದ ಕೆಳತುದಿಗೆ ಗಾಳಿ ಮಾತ್ರ ತಲುಪುತ್ತಿತ್ತು. ಹಾಗಾಗಿ ನೀರಿನ ಇಲಾಖೆಯವನ ಹೆಂಡತಿ ಹನ್ನೊಂದು ವರ್ಷದಿಂದ ದಿನ ಬಿಟ್ಟು ದಿನ ಬೆಳಿಗ್ಗೆ ಕೊಡ ಹಿಡಿದು ನಡುಬೀದಿಯ ನಲ್ಲಿಗೆ ಹೋಗುತ್ತಿದ್ದಳು.

"ನನ್ನ ತಮ್ಮನ ಮನೆ ಟ್ಯಾಂಕು ತುಂಬಿ ಹರಿದ ನೀರು ಮೋರಿಯಲ್ಲಿ ನಮ್ಮ ಮನೆ ಮುಂದೆ ಬರುತ್ತೆ. ನಲ್ಲಿಯಲ್ಲಿ ಮಾತ್ರ ಬರಲ್ಲ" ಎನ್ನುತ್ತಿದ್ದಳು.

ತಮ್ಮ ಎಂದರೆ ಮೀಟರಪ್ಪನ ಭಾವಮೈದ. ಟೈಲ್ಸ್ ಅಂಗಡಿ, ಮೇಲ್ತುದಿಯಲ್ಲಿ ಎರಡಂತಸ್ತಿನ ಮನೆ. ಅವನು ಹೊಸ ಕಾರು ತಂದ ದಿನ ಭಾವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಮುಂದೆ ಅಂಗೈಯಗಲದ ಪರದೆ, ಅದರ ಕೆಳಗೆ ನೀಲಿ ದೀಪ, ಗುಂಡಿ ಒತ್ತಿದರೆ ಮಾತಾಡುವ ಹೆಂಗಸಿನ ಧ್ವನಿ.

"ನಿಮ್ಮ ಗಾಡೀಲಿ ಏನಿದೆ ಭಾವ? ಒಂದು ಮುಳ್ಳು. ಅದೂ ಸತ್ತು ಎಷ್ಟೋ ವರ್ಷ ಆಯ್ತು. ಮೀಟರ್ ಓದೋರ ಗಾಡೀಲೇ ಮೀಟರ್ ಇಲ್ಲ ಅಂದ್ರೆ ಜನ ಏನಂತಾರೆ?" ಎಂದು ಭಾವಮೈದ ನಕ್ಕ. ಕಾರೊಳಗಿನ ಹೆಂಗಸೂ ಅದೇ ಹೊತ್ತಿಗೆ "ದಯವಿಟ್ಟು ಸೀಟ್ ಬೆಲ್ಟ್ ಹಾಕಿಕೊಳ್ಳಿ" ಎಂದಳು. ಮೀಟರಪ್ಪನಿಗೆ ಇಬ್ಬರೂ ಸೇರಿ ಮಾಡಿದ ಅವಮಾನ ಎನ್ನಿಸಿತು.

"ನೋಡ್ತಾ ಇರು" ಎಂದು ಇಳಿದು ಮನೆಗೆ ಬಂದ.

ಏನನ್ನು ನೋಡಬೇಕು ಎಂದು ಅವನಿಗೂ ಆಗ ಗೊತ್ತಿರಲಿಲ್ಲ. ಮಾರನೆಯ ವಾರ ಗೊತ್ತಾಯಿತು. ಎರಡು ಸೀಟಿನ ನಡುವೆ, ಗೇರಿನ ಕೋಲಿನ ಸುತ್ತ, ಫೈಬರ್‌ಗ್ಲಾಸಿನಲ್ಲಿ ಸ್ವಂತ ಕೈಯಾರೆ ಒಂದು ಸೆಂಟರ್ ಕನ್ಸೋಲ್ ಮಾಡುವುದು. ಅದರಲ್ಲಿ ಒಂದಲ್ಲ ಎರಡಲ್ಲ, ಆರು ಮೀಟರು ಕೂರಿಸುವುದು. ಭಾವಮೈದನನ್ನು ಕರೆದು ಪಕ್ಕದಲ್ಲಿ ಕೂರಿಸಿ, "ಇದನ್ನ ನೀವೇ ಮಾಡಿದ್ದಾ ಭಾವ?" ಎಂದು ಅವನ ಬಾಯಿಂದ ಕೇಳಿಸಿಕೊಳ್ಳುವುದು. ಅಷ್ಟೇ. ಅದಕ್ಕಿಂತ ಹೆಚ್ಚಿಗೆ ಬದುಕಿನಿಂದ ಮೀಟರಪ್ಪ ಏನನ್ನೂ ಕೇಳಲಿಲ್ಲ.

ಬಟ್ಟೆ ಅಂಗಡಿಗಳ ಗೊಂಬೆಗಳಿಗೆ ಮುರಿದ ಕೈಕಾಲು ಜೋಡಿಸುವ ಫೈಬರ್ ಕೆಲಸದವನೊಬ್ಬ ಪೇಟೆಯಲ್ಲಿದ್ದ. ಸುತ್ತ ತಲೆಯಿಲ್ಲದ ಹೆಂಗಸರನ್ನು ನಿಲ್ಲಿಸಿಕೊಂಡು ಅವನು ಪಾಠ ಹೇಳಿದ.

"ಮೊದಲು ಕಾರಿನ ಒಳಗೆ ಟೇಪ್ ಅಂಟಿಸ್ಬೇಕು. ಅದರ ಮೇಲೆ ಮೇಣ ಹಚ್ಚಬೇಕು. ಆಮೇಲೆ ಗ್ಲಾಸ್ ಮ್ಯಾಟು, ಅಂದ್ರೆ ಗಾಜಿನ ನಾರಿನ ಬಟ್ಟೆ. ಮ್ಯಾಟಿಗೆ ರೆಸಿನ್ನು, ಈ ಅಂಟು. ಒಂದು ಮಗ್ಗು ರೆಸಿನ್ನಿಗೆ, ಅದು ಗಟ್ಟಿಯಾಗೋಕೆ, ಒಂದು ಮುಚ್ಚಳ ಹಾರ್ಡ್‌ನರ್. ಗಟ್ಟಿಯಾದ ಮೇಲೆ ಅಚ್ಚು ಎತ್ತಿಕೊಂಡು ಹೊರಗೆ ತಂದು ಉಜ್ಜಿ, ಮೆತ್ತಿ, ಮತ್ತೆ ಉಜ್ಜಿ..."

"ಮೇಣ ಯಾಕೆ?"

"ಮೇಣ ಹಚ್ಚದಿದ್ರೆ ಅದು ಮೇಲೇಳಲ್ಲ ಸ್ವಾಮಿ. ಕಾರು ಗುಜರಿಗೆ ಹೋದ ದಿನ ಜೊತೇಲೇ ಹೋಗುತ್ತೆ."

ಮೀಟರಪ್ಪ ಎಲ್ಲವನ್ನೂ ಬರೆದುಕೊಂಡ. ಆದರೆ ಅವನ ಜೇಬಿನಲ್ಲಿದ್ದದ್ದು ಇಲಾಖೆಯ ಪುಸ್ತಕ. ಅದರಲ್ಲಿ ಮೂರು ಅಂಕಣ: ಹಿಂದಿನ ರೀಡಿಂಗು, ಇಂದಿನ ರೀಡಿಂಗು, ಷರಾ. ಟೇಪು ಮೊದಲನೆಯದರಲ್ಲಿ ಹೋಯಿತು, ರೆಸಿನ್ನು ಎರಡನೆಯದರಲ್ಲಿ. ಜಾಗ ಸಾಲದೆ ಮೇಣ ಷರಾ ಅಂಕಣಕ್ಕೆ ಬಿತ್ತು. ಆ ಇಲಾಖೆಯಲ್ಲಿ ಷರಾ ಬರೆಯುವವರಿದ್ದಾರೆ, ಓದುವವರಿಲ್ಲ. ಮೇಲ್ತುದಿಯ ಮೋಟಾರುಗಳ ಬಗ್ಗೆ ಮೀಟರಪ್ಪನೇ ಹನ್ನೊಂದು ವರ್ಷ ಅದೇ ಅಂಕಣದಲ್ಲಿ "ಪೈಪಿಗೆ ಮೋಟಾರು ಇದೆ" ಎಂದು ಬರೆಯುತ್ತ ಬಂದಿದ್ದ. ಒಬ್ಬನೂ ಕಣ್ಣು ಹಾಯಿಸಿರಲಿಲ್ಲ. ಬರೆದವನಿಗೂ ಆ ಕಡೆ ನೋಡುವ ಅಭ್ಯಾಸ ತಪ್ಪಿಹೋಗಿತ್ತು. ಆದ್ದರಿಂದ ಟೇಪು ಅಂಟಿತು, ಮ್ಯಾಟು ಕೂತಿತು, ರೆಸಿನ್ನು ಸುರಿಯಿತು. ಮೇಣ ಷರಾದಲ್ಲೇ ಉಳಿಯಿತು.

ಕೆಲಸವೆಲ್ಲ ಗುಟ್ಟಾಗಿ ನಡೆಯಬೇಕಿತ್ತು, ಭಾವಮೈದ ಮೊದಲೇ ನೋಡಿಬಿಟ್ಟರೆ ಸ್ವಾರಸ್ಯವೇನು? ಮನೆಯ ಪಕ್ಕದ ಓಣಿಯಲ್ಲಿ ಕಾರು ನಿಲ್ಲಿಸಿ, ನಾಲ್ಕು ಕಡೆ ಟಾರ್ಪಾಲು ಇಳಿಬಿಟ್ಟ. ಮೂಗಿಗೆ ಮಾಸ್ಕು, ಕೈಗೆ ಗ್ಲೌಸು, ಕಣ್ಣಿಗೆ ಈಜುವವರ ಕನ್ನಡಕ. ಆಫೀಸಿಗೆ ಹೋಗುವ ಮೊದಲು ಒಂದು ತಾಸು, ಬಂದಮೇಲೆ ಕತ್ತಲಾಗುವವರೆಗೆ. ರೆಸಿನ್ನಿನ ವಾಸನೆಗೆ ಪಕ್ಕದ ಮನೆಯ ಟೈಲರಮ್ಮ ಕಿಟಕಿ ಮುಚ್ಚಿಕೊಂಡು ಹೊಲಿದಳು.

ಮೊದಲ ದಿನ ಬೇಗ ಗಟ್ಟಿಯಾಗಲಿ ಎಂದು ನಾಲ್ಕು ಮುಚ್ಚಳ ಹಾರ್ಡ್‌ನರ್ ಹಾಕಿದ. ಮಗ್ಗು ಹೊಗೆಯಾಡಿ, ಬಾಗಿ, ನಮಸ್ಕಾರ ಮಾಡಿ ಕುಸಿಯಿತು. ಎರಡನೆಯ ದಿನ ಅಂಗಿಯ ತೋಳಿಗೆ ರೆಸಿನ್ನು ಸುರಿದುಕೊಂಡು, ಒರೆಸಿದರಾಯಿತು ಎಂದು ಕೆಲಸ ಮುಂದುವರಿಸಿದ. ಒರೆಸುವ ಹೊತ್ತಿಗೆ ತೋಳು ಮರದ ಕೊರಡಾಗಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದ್ದು ಕೆಸರಿನ ವಿಷಯ. ರೆಸಿನ್ನಾದರೆ ಕೈ ಬಾಯಿಯ ತನಕ ಹೋಗುವುದೇ ಇಲ್ಲ. ಹೆಂಡತಿ ಕತ್ತರಿ ತಂದಳು. ಕತ್ತರಿ ಮುರಿಯಿತು. ಟೈಲರಮ್ಮನ ದೊಡ್ಡ ಕತ್ತರಿ ಬಂದಮೇಲೆ ಅಂಗಿ ಎರಡು ಹೋಳಾಗಿ ಕಳಚಿತು, ತೋಳು ಮಾತ್ರ ಮಡಿಸಿದ ಆಕಾರದಲ್ಲೇ ನೆಲದ ಮೇಲೆ ನಿಂತುಕೊಂಡಿತು.

ಮೂರನೆಯ ವಾರ ಉಜ್ಜುವುದು ಶುರುವಾಯಿತು. ಗಾಜಿನ ಪುಡಿ ಬಟ್ಟೆಗೆ, ಬಟ್ಟೆಯಿಂದ ಹಾಸಿಗೆಗೆ, ಹಾಸಿಗೆಯಿಂದ ಇಡೀ ಸಂಸಾರಕ್ಕೆ ಹಬ್ಬಿತು. ಗಂಡ ಹೆಂಡತಿ ಎದುರುಬದುರು ಕೂತು ಮೈ ಕೆರೆದುಕೊಳ್ಳುತ್ತ ಮಾತಾಡುವಂತಾಯಿತು.

"ಅದಕ್ಕೆ ಸುತ್ತಿರೋದು ನನ್ನ ಉಣ್ಣೆ ಶಾಲಲ್ವಾ?"

"ಬಟ್ಟೆ ಎಳೆದು ಕಟ್ಟಿದ್ರೇನೇ ಅಂಚು ಗುಂಡಗೆ ಬರೋದು."

"ನನ್ನ ಶಾಲು ಕಣ್ರೀ ಅದು!"

"ಈಗ ಕನ್ಸೋಲು."

"ಕೊಡ ಹೊತ್ತು ಹೊತ್ತು ನನ್ನ ಸೊಂಟ ಬಿದ್ದುಹೋಗ್ತಿದೆ, ನೀವು ಕಾರಿಗೆ ಸೊಂಟಪಟ್ಟಿ ಮಾಡ್ತಾ ಕೂತಿದೀರ" ಎಂದು ಹೆಂಡತಿ ಎದ್ದುಹೋದಳು.

ಉಳಿದದ್ದನ್ನು ಹೊರಗೆ ಉಜ್ಜೋಣ ಎಂದು ಅಚ್ಚನ್ನು ಎತ್ತಲು ಹೋದಾಗ ಅದು ಮೇಲೇಳಲಿಲ್ಲ. ಎಳೆದ, ಮೀಟಿದ, ಕಾಲು ಕೊಟ್ಟು ಜಗ್ಗಿದ. ಕಾರೇ ಒಂದು ಅಡಿ ಮುಂದೆ ಬಂತು. ಆಗ ಷರಾ ಅಂಕಣ ನೋಡಿದ. ಪುಸ್ತಕ ಮುಚ್ಚಿ ಜೇಬಿಗೆ ಹಾಕಿದ. ಆಮೇಲೆ, "ಒಳ್ಳೇದೇ ಆಯ್ತು, ಅಲ್ಲಾಡಲ್ಲ" ಎಂದು ಅಲ್ಲೇ, ಸೀಟುಗಳ ನಡುವೆ ಬೋರಲು ಬಿದ್ದು ಉಜ್ಜತೊಡಗಿದ. ಹಟ ಎಂದರೆ ಹಟ. ಹಳೇ ಲಾರಿ ಸಾಮಾನಿನ ಅಂಗಡಿಯಿಂದ ಆರು ಮೀಟರು ತಂದ: ಎಂಜಿನ್ ಸುತ್ತು, ಆಯಿಲ್ ಒತ್ತಡ, ಎಂಜಿನ್ ಬಿಸಿ, ಬ್ಯಾಟರಿ, ಎಂಜಿನ್ ಎಳೆಯುವ ಗಾಳಿ, ಹೊರಗಿನ ಹವೆ. ಎರಡು ತಿಂಗಳ ಮೇಲೆ ನಾಲ್ಕು ದಿನಕ್ಕೆ ಕಪ್ಪು ಬಣ್ಣ ಒಣಗಿ, ಒಳಗೆ ಹಸಿರು ದೀಪ ಹತ್ತಿ, ಆರೂ ಮುಳ್ಳು ಒಮ್ಮೆಗೇ ಎದ್ದು ನಿಂತವು. ಮೀಟರಪ್ಪನ ಕಣ್ಣಲ್ಲಿ ನೀರು ಬಂತು. ಗಾಜಿನ ಪುಡಿಯೂ ಇತ್ತು ಅನ್ನಿ.

ಭಾನುವಾರ ಬೆಳಿಗ್ಗೆ ಏಳಕ್ಕೆ, ನೀರು ಬಿಡುವ ಹೊತ್ತಿಗೆ, ಟಾರ್ಪಾಲು ಸರಿಯಿತು. ಕಾರು ಭಾವಮೈದನ ಮನೆಗೆ ಹೊರಟಿತು. ಅವಸರದಲ್ಲಿ ಮೀಟರಪ್ಪ ಮಾಸ್ಕು ತೆಗೆಯುವುದನ್ನು ಮರೆತಿದ್ದ.

ದಾರಿಯಲ್ಲಿ ನಿವೃತ್ತ ಹೆಡ್‌ಮಾಸ್ತರ ಮನೆ. ಮನೆಯ ಎದುರಿಗೆ ಅವರೇ ಓಡಾಡಿ ಹಾಕಿಸಿಕೊಂಡ ರಸ್ತೆಯುಬ್ಬು. ಹೆಡ್‌ಮಾಸ್ತರು ಗೇಟಿನಲ್ಲಿ ಪೇಪರು ಹಿಡಿದು ನಿಂತಿದ್ದರು. ಒಳಗೆ ಅವರ ಮೋಟಾರು ಗುರ್ ಎಂದು ಬೀದಿಯ ನೀರನ್ನು ಎಳೆಯುತ್ತಿತ್ತು. ಹಳೆ ಕಾರು ಉಬ್ಬು ಹತ್ತಲು ಒದ್ದಾಡಿತು. ಮೀಟರಪ್ಪ ಎಕ್ಸಿಲರೇಟರ್ ತುಳಿದ. ಎಂಜಿನ್ ಸುತ್ತಿನ ಮುಳ್ಳು ಒಂದರಿಂದ ನಾಲ್ಕಕ್ಕೆ ಜಿಗಿಯಿತು. ಹೆಡ್‌ಮಾಸ್ತರು ಕಾರಿನ ಕಿಟಕಿಯಲ್ಲಿ ಬಗ್ಗಿ ನೋಡಿದರು: ಮುಖಕ್ಕೆ ಮಾಸ್ಕು ಹಾಕಿದ ನೀರಿನ ಇಲಾಖೆಯವನು, ಅವನ ಮಗ್ಗುಲಲ್ಲಿ ಹಸಿರಾಗಿ ಹೊಳೆಯುವ ಆರು ಮೀಟರು, ತಮ್ಮ ಮನೆಯ ಎದುರಿಗೇ ಎಗರಿದ ಮುಳ್ಳು.

"ಇ... ಇದೇನ್ರೀ ಮೀಟರಪ್ಪ ಇದು?"

"ನಾನೇ ಹಾಕಿದ್ದು ಸಾರ್. ಆರೂ ಕೆಲಸ ಮಾಡುತ್ತೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಎಂದು ಯಾರೂ ಅಂದಿರಲೇ ಇಲ್ಲ. ಹೆಡ್‌ಮಾಸ್ತರು ಪೇಪರನ್ನು ಅಲ್ಲೇ ಬಿಟ್ಟು, "ಆಫ್ ಮಾಡೇ! ಆಫ್ ಮಾಡೇ!" ಎಂದು ಒಳಗೆ ಓಡಿದರು. ಗುರ್ ಎನ್ನುವುದು ನಿಂತಿತು. ಅಷ್ಟರಲ್ಲಿ ಕಾರು ಉಬ್ಬು ದಾಟಿತ್ತು. ಮುಳ್ಳು ಒಂದಕ್ಕೆ ಇಳಿಯಿತು. ಅದನ್ನೂ ಹೆಡ್‌ಮಾಸ್ತರು ಬಾಗಿಲ ಸಂದಿಯಿಂದ ನೋಡಿದರು. ಇನ್ನು ಸಾಕ್ಷಿ ಬೇರೆ ಬೇಕೆ?

ಒಂಬತ್ತು ಗಂಟೆಗೆ ಮೇಲ್ತುದಿಯ ಸಭೆ ಅವರ ಜಗಲಿಯಲ್ಲೇ ಸೇರಿತು.

"ಇಲಾಖೆಯವರು ಕದ್ದ ನೀರು ಹಿಡಿಯೋ ಯಂತ್ರ ತರಿಸಿದಾರೆ. ಗೇಟಿನ ಒಳಗೆ ಬರೋದೇ ಬೇಡ, ರಸ್ತೇಲೇ ಗೊತ್ತಾಗುತ್ತೆ. ನಾನು ಕಣ್ಣಾರೆ ನೋಡಿದೆ."

"ಅಷ್ಟು ದೊಡ್ಡ ಯಂತ್ರಾನ ಆ ಡಕೋಟ ಕಾರಲ್ಲಿ ಇಡ್ತಾರಾ ಸಾರ್?"

"ಅದೇ ಕಣ್ರೀ ಉಪಾಯ! ಹೊಸ ಜೀಪಲ್ಲಿ ಬಂದ್ರೆ ನೀವು ಆಫ್ ಮಾಡ್ಕೊಳಲ್ವಾ? ಎರಡು ತಿಂಗಳು ಟಾರ್ಪಾಲ್ ಒಳಗೆ ಏನು ಮಾಡ್ತಿದ್ದ ಅಂದ್ಕೊಂಡ್ರಿ?"

"ಹತ್ತಡಿ ಆಳದ ಪೈಪೂ ಕಾಣುತ್ತಂತೆ."

"ದಿನಕ್ಕೆ ಎಷ್ಟು ಸಲ ಫ್ಲಶ್ ಮಾಡಿದ್ವಿ ಅನ್ನೋದೂ ಬರುತ್ತಂತೆ."

"ಛೆ, ಛೆ! ಮನೇಲಿ ಹೆಣ್ಮಕ್ಕಳಿದಾರೆ!"

ಮಂಗಳವಾರ ನೀರು ಬಿಟ್ಟಾಗ ಮೇಲ್ತುದಿಯಲ್ಲಿ ಒಂದು ಮೋಟಾರೂ ಕೂಗಲಿಲ್ಲ. ಕೆಳತುದಿಯಲ್ಲಿ ಮೀಟರಪ್ಪನ ಮನೆಯ ನಲ್ಲಿ ಮೊದಲು ಕೆಮ್ಮಿತು, ಆಮೇಲೆ ತುಕ್ಕಿನ ನೀರು ಉಗುಳಿತು, ಆಮೇಲೆ ಏಕಧಾರೆಯಾಗಿ ಸುರಿಯತೊಡಗಿತು. ಹೆಂಡತಿ ಸೊಂಟದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಹಾಗೇ ನೋಡುತ್ತ ನಿಂತಳು. ಗಂಡ ಕಾರಿನೊಳಗೆ ಕನ್ಸೋಲಿಗೆ ಪಾಲಿಶ್ ಹಾಕುತ್ತಿದ್ದ. ಅವನಿಗೆ ನಲ್ಲಿ ಕಾಣಲಿಲ್ಲ. ಅಂದಿನಿಂದ ಹೆಂಡತಿ ಬೈಯುವುದು ನಿಲ್ಲಿಸಿದ್ದು ಕಂಡಿತು. ಕೊನೆಗೂ ಕೆಲಸದ ಬೆಲೆ ಇವಳಿಗೆ ತಿಳಿಯಿತು ಎಂದುಕೊಂಡ.

ಅವನ ಕಷ್ಟ ಬೇರೆಯೇ ಆಗಿತ್ತು. ಕನ್ಸೋಲನ್ನು ಕನ್ಸೋಲು ಎಂದು ನೋಡುವವರೇ ಸಿಗಲಿಲ್ಲ. ಕಾರು ನಿಂತ ಕಡೆ ಜನ ಚದುರಿದರು. ಗಾಳಿಸುದ್ದಿ ಕಿವಿಗೆ ಬಿದ್ದಾಗ ಅವನಿಗೆ ಮೈಯೆಲ್ಲ ಉರಿಯಿತು. ನೀರಿನ ಯಂತ್ರವಂತೆ! ಎರಡು ತಿಂಗಳು ಬೋರಲು ಬಿದ್ದು ಉಜ್ಜಿದ ಆ ಅಂಚನ್ನು ಒಬ್ಬನಾದರೂ ಬೆರಳಿಟ್ಟು ನೋಡಬೇಡವೇ? ಸತ್ಯ ತಿಳಿಸಿಯೇ ತೀರುತ್ತೇನೆ ಎಂದು ಮನೆಮನೆ ಹತ್ತಿದ.

"ಸಾರ್, ಅದು ಎಂಜಿನ್ ಮೀಟರು. ನೀರಿಗೂ ಅದಕ್ಕೂ ಸಂಬಂಧವೇ ಇಲ್ಲ" ಎಂದ ಹೆಡ್‌ಮಾಸ್ತರಿಗೆ.

"ಇಲ್ಲ ಇಲ್ಲ, ಎಲ್ಲಿಯ ಸಂಬಂಧ" ಎಂದರು ಹೆಡ್‌ಮಾಸ್ತರು. "ನಮ್ಮನೇಲೂ ಮೋಟಾರ್ ಇಲ್ಲ. ಬೇಕಿದ್ರೆ ಬನ್ನಿ, ನೋಡಿ. ಬಿಚ್ಚಿ ಅಟ್ಟದ ಮೇಲೆ... ಅಂದ್ರೆ ಇಲ್ಲವೇ ಇಲ್ಲ."

"ನಿಜವಾಗ್ಲೂ ಸಾರ್. ನಾನು ಚೆಂದಕ್ಕೆ ಹಾಕಿದ್ದು."

"ಚೆಂದಕ್ಕೆ ಯಾರಾದ್ರೂ ಆರು ಮೀಟರ್ ಹಾಕ್ತಾರೇನ್ರೀ? ನಾನೂ ಸರ್ಕಾರಿ ನೌಕರಿ ಮಾಡಿದವನೇ. ಗುಟ್ಟಿನ ಕೆಲಸ ಹೊರಗೆ ಹೇಳಬಾರದು ಅಂತ ನಂಗೂ ಗೊತ್ತು. ಟೀ ಕುಡೀರಿ."

ಹೀಗೆ ಹದಿನಾಲ್ಕು ಮನೆಯಲ್ಲಿ ಸತ್ಯ ಹೇಳಿ ಹದಿನಾಲ್ಕು ಟೀ ಕುಡಿದು ಬಂದ. ಅವನು ಇಲ್ಲ ಎಂದಷ್ಟೂ ಬೀದಿ ಹೌದು ಎಂದಿತು.

ಭಾವಮೈದನಂತೂ ಕೈಗೇ ಸಿಗಲಿಲ್ಲ, ಆ ಭಾನುವಾರವೂ ಮನೆಯಲ್ಲಿರಲಿಲ್ಲ. ದಿನಾ ಪೈಪು ಹಿಡಿದು ತೊಳೆಯುತ್ತಿದ್ದ ಅವನ ಹೊಸ ಕಾರು ಧೂಳು ಹಿಡಿದು ನಿಂತಿತ್ತು. ಅದರ ಮೇಲೆ ಯಾರೋ ಬೆರಳಲ್ಲಿ ಗೀಟು ಹಾಕಿದ್ದರು. ಒಂದು ಸಂಜೆ ಅಂಗಡಿಯ ಎದುರಿಗೇ ಮೀಟರಪ್ಪ ಅವನನ್ನು ಹಿಡಿದ.

"ಬಾರಪ್ಪ, ಎರಡು ನಿಮಿಷ ಕೂತು ನೋಡು. ನಿನಗೆ ತೋರಿಸ್ಬೇಕು ಅಂತಲೇ ಮಾಡಿದ್ದು."

ಭಾವಮೈದನ ಮುಖ ಸುಣ್ಣವಾಯಿತು. "ನಂಗೇ ತೋರಿಸ್ಬೇಕು ಅಂತಾನಾ ಭಾವ? ನಾವು ನಾವು ಸಂಬಂಧಿಕರು..."

"ಅದಕ್ಕೇ ಹೇಳ್ತಿರೋದು, ಕೂತ್ಕೋ."

"ಬೇಡ ಭಾವ. ನಾನು ಹತ್ತಿರ ಬಂದ್ರೆ ಅದರಲ್ಲಿ ರೆಕಾರ್ಡ್ ಆಗುತ್ತೇನೋ. ನಾಳೆ ನಿಮಗೇ ತೊಂದರೆ" ಎಂದು ಟೈಲ್ಸಿನ ಹಿಂದೆ ಮರೆಯಾದ.

ಮೂರನೆಯ ವಾರ ಮೇಲ್ತುದಿಯವರ ತಾಳ್ಮೆ ಮುಗಿಯಿತು. ಹೆಡ್‌ಮಾಸ್ತರು ತಮ್ಮ ಮುತ್ತಿನಂಥ ಅಕ್ಷರದಲ್ಲಿ ದೂರು ಬರೆದರು. ಇಲಾಖೆಯ ನೌಕರನೊಬ್ಬ ಖಾಸಗಿ ಕಾರಿನಲ್ಲಿ ರಹಸ್ಯ ಯಂತ್ರ ಇಟ್ಟುಕೊಂಡು ಮರ್ಯಾದಸ್ಥರ ಮನೆ ಮುಂದೆ ಸುಳಿದಾಡುತ್ತಿದ್ದಾನೆ, ಕೂಡಲೇ ತೆಗೆಸಬೇಕು. ಮೂವತ್ತೊಂದು ಸಹಿ. ಮೂವತ್ತೊಂದೂ ಮೋಟಾರಿದ್ದ ಮನೆಯವೇ.

ಶನಿವಾರ ಬೆಳಿಗ್ಗೆ ಇಲಾಖೆಯ ಜೀಪು ಮೀಟರಪ್ಪನ ಮನೆ ಮುಂದೆ ನಿಂತಿತು. ಎಂಜಿನಿಯರ್ ಮೇಡಂ ಇಳಿದರು. ಹಿಂದಿನಿಂದ ಇಲಾಖೆಯ ವೆಲ್ಡರು ಕಟರ್ ಯಂತ್ರ ಹೊತ್ತು ಇಳಿದ. ಬೀದಿಗೆ ಬೀದಿಯೇ ಬಂದು ಸುತ್ತ ನಿಂತಿತು. ಮೇಲ್ತುದಿಯವರು ಒಂದು ಮಗ್ಗುಲಿಗೆ, ಕೆಳತುದಿಯವರು ಇನ್ನೊಂದು ಮಗ್ಗುಲಿಗೆ.

ಮೇಡಂ ಕಾರಿನೊಳಗೆ ಬಗ್ಗಿ ನೋಡಿದರು. "ಏನ್ರೀ ಇದು?"

"ಸೆಂಟರ್ ಕನ್ಸೋಲ್ ಮೇಡಂ."

"ಇಲಾಖೇಲಿ ಇಂಥ ಯಂತ್ರ ಇಲ್ಲ. ನನಗೆ ಗೊತ್ತಿಲ್ಲದೆ ಬಂದಿದ್ರೆ ಅದು ಇಲಾಖೆ ಸ್ವತ್ತು, ಈಗಲೇ ಕತ್ತರಿಸಿ ಜೀಪಿಗೆ ಹಾಕ್ತೀನಿ. ಇಲ್ಲ, ನಿಮ್ಮ ಸ್ವಂತದ್ದು, ಬರೀ ಅಲಂಕಾರ ಅಂದ್ರೆ ಹಾಗೇ ಬರೆದುಕೊಡಿ. ಇಂಥಿಂಥದ್ದು, ನಾನೇ ಕೈಯಾರೆ ಮಾಡಿದ್ದು, ನೀರಿಗೂ ಇದಕ್ಕೂ ಸಂಬಂಧ ಇಲ್ಲ ಅಂತ. ಅದರ ಒಂದು ಪ್ರತಿ ಈ ಬೀದಿ ಗೋಡೆಗೆ ಅಂಟಿಸ್ತೀನಿ. ದೂರು ಮುಗೀತು."

ವೆಲ್ಡರು ಕಟರಿನ ವೈರು ಬಿಚ್ಚತೊಡಗಿದ.

ಮೀಟರಪ್ಪನ ಎದೆ ಉಬ್ಬಿತು. ಕೈಯಾರೆ ಮಾಡಿದ್ದು ಎಂದು ಇಲಾಖೆಯ ಮೊಹರಿನ ಸಮೇತ, ಗೋಡೆಯ ಮೇಲೆ! ಭಾವಮೈದ ಅಂಗಡಿಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಓದಲೇಬೇಕು. ಪೆನ್ನು ತೆಗೆದು ಕಾರಿನ ಬಾನೆಟ್ಟಿನ ಮೇಲೆ ಹಾಳೆ ಹರಡಿದ. ಮ್ಯಾಟು ಎಷ್ಟು ಪದರ, ಬಣ್ಣ ಎಷ್ಟು ಸುತ್ತು, ಎಲ್ಲವನ್ನೂ ಬರೆಯುವುದೆಂದು ನಿಶ್ಚಯಿಸಿದ. "ಇನ್ನೊಂದು ಹಾಳೆ ಸಿಗುತ್ತಾ ಮೇಡಂ?" ಎಂದೂ ಕೇಳಿದ.

"ರೀ, ಒಂದ್ನಿಮಿಷ ಒಳಗೆ ಬನ್ನಿ" ಎಂದಳು ಹೆಂಡತಿ.

"ತಡಿಯೇ, ಬರೀತಿದೀನಿ."

"ಮೇಡಂಗೆ ನೀರು ಕೊಡ್ಬೇಕು. ಬನ್ನಿ ಅಂದ್ನಲ್ಲ."

ಅಡುಗೆಮನೆಯಲ್ಲಿ ಹೆಂಡತಿ ಡ್ರಮ್ಮಿನ ಮುಚ್ಚಳ ತೆಗೆದಳು. ಅಂಚಿನವರೆಗೆ ನೀರು. ಪಕ್ಕದ ಎರಡನೇ ಡ್ರಮ್ಮೂ ತುಂಬಿತ್ತು. ಮೂಲೆಯಲ್ಲಿ ಕೊಡ ಕವುಚಿ ಬಿದ್ದಿತ್ತು, ಅದರ ಮೇಲೆ ಜೇಡ ಬಲೆ ಕಟ್ಟಿತ್ತು.

"ಇದೆಲ್ಲಿಂದ ಬಂತು?" ಎಂದ ಮೀಟರಪ್ಪ. ಇಪ್ಪತ್ತೆರಡು ವರ್ಷ ನೀರು ಅಳೆದವನ ಪ್ರಶ್ನೆ ಇದು.

"ನಲ್ಲಿಯಿಂದ. ಮೂರು ವಾರದಿಂದ. ನಿಮ್ಮ ಮೀಟರ್ ನೋಡಿ ಅವರು ಮೋಟಾರ್ ಬಿಚ್ಚಿದಾರೆ."

"ಅಯ್ಯೋ, ಆದ್ರೆ ಅದು ನೀರಿನ..."

"ಎಂಜಿನ್ ಮೀಟರು ಅಂತ ನಮಗೆಲ್ಲ ಗೊತ್ತು. ಟೈಲರಮ್ಮನಿಗೂ ಗೊತ್ತು, ಆಚೆ ಮನೆಯವರಿಗೂ ಗೊತ್ತು. ಇಡೀ ಕೆಳತುದಿಗೇ ಗೊತ್ತು. ಮೇಲಿನ ಹೆಂಗಸರು ಬಂದು, 'ನಿಜವಾಗ್ಲೂ ಹಿಡಿಯುತ್ತಾ?' ಅಂತ ಕೇಳಿದ್ರು. ನಾವು ಒಂದು ಸುಳ್ಳೂ ಹೇಳಿಲ್ಲ. ಸುಮ್ನೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಕ್ವಿ. ಮಿಕ್ಕಿದ್ದನ್ನ ನೀವೇ ಮನೆಮನೆ ಹತ್ತಿ ಮಾಡಿದ್ರಿ."

ಮೀಟರಪ್ಪ ಬಹಳ ಹೊತ್ತು ಡ್ರಮ್ಮಿನೊಳಗೆ ನೋಡಿದ. ಅಷ್ಟೂ ನೀರಿನಲ್ಲಿ ಅವನ ಮುಖವೇ ಕಾಣುತ್ತಿತ್ತು. ಅದು ಒಪ್ಪಿಕೊಂಡ ಮುಖವಾಗಿರಲಿಲ್ಲ.

"ನಾನು ಮಾಡಿದ್ದು ಅಂತ ಒಂದು ಸಲ ಬರೀಬಾರ್ದಾ ಹಾಗಾದ್ರೆ?"

"ನೀವು ಮಾಡಿದ್ದು ಅಂತ ನಂಗೊತ್ತು. ನನ್ನ ಶಾಲಲ್ಲಿ ಮಾಡಿದ್ದು ಅಂತಾನೂ ಗೊತ್ತು. ಸಾಲ್ದಾ?"

"ಸಾಲ್ದು" ಎಂದ ಮೀಟರಪ್ಪ. ಸುಳ್ಳು ಹೇಳುವ ಅಭ್ಯಾಸ ಅವನಿಗಿರಲಿಲ್ಲ.

"ಸರಿ ಬರೀರಿ. ಸೋಮವಾರದಿಂದ ಕೊಡ ನೀವೇ ಹೊರಿ" ಎಂದು ಹೆಂಡತಿ ಜೇಡರ ಬಲೆಯ ಸಮೇತ ಕೊಡವನ್ನು ಎತ್ತಿ ಅವನ ಕೈಗೆ ಕೊಟ್ಟಳು. "ಯಂತ್ರ ಅಂತಲೂ ಬರೀಬೇಡಿ, ಕತ್ತರಿಸಿ ಎತ್ಕೊಂಡು ಹೋಗ್ತಾರೆ. ಅಲ್ಲ ಅಂತಲೂ ಬರೀಬೇಡಿ. ಅದೇನ್ ಮಾಡ್ತೀರೋ ಗೊತ್ತಿಲ್ಲ. ಅದು ಏನು ಅನ್ನೋದನ್ನ ಮಾತ್ರ ನಿಮ್ಮ ಬಾಯಲ್ಲಿ ಯಾರಿಗೂ ಹೇಳಕೂಡದು."

ಮೀಟರಪ್ಪ ಕೊಡ ಕೆಳಗಿಟ್ಟು ಹೊರಗೆ ಬಂದ. ಬಾನೆಟ್ಟಿನ ಮೇಲೆ ಬಗ್ಗಿದ. ಮೊದಲು ಬರೆದದ್ದನ್ನು ಹೊಡೆದುಹಾಕಿದ. ಇನ್ನೊಂದು ಸಾಲು ಬರೆದ, ಅದನ್ನೂ ಹೊಡೆದ. ವೆಲ್ಡರು ಕಟರನ್ನು ಒಮ್ಮೆ ಗಿರ್ರೆನ್ನಿಸಿ ನೋಡಿದ. ಕೊನೆಗೆ ನಾಲ್ಕು ಸಾಲು ಬರೆದು, ಸಹಿ ಹಾಕಿ ಮೇಡಂ ಕೈಗೆ ಕೊಟ್ಟ.

ಮೇಡಂ ಓದಿದರು:

"ಇದು ಕಾರಿನ ಸೆಂಟರ್ ಕನ್ಸೋಲ್. ಇದರಲ್ಲಿ ಆರು ಮೀಟರುಗಳಿವೆ. ಆರೂ ಕೆಲಸ ಮಾಡುತ್ತವೆ. ಇದಕ್ಕಿಂತ ಹೆಚ್ಚು ಹೇಳಲು ನನಗೆ ಅನುಮತಿ ಇಲ್ಲ."

ಒಂದಕ್ಷರ ಸುಳ್ಳಿಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಎಂದರೆ ಇದು.

"ಅನುಮತಿ ಇಲ್ಲ ಅಂದ್ರೆ? ನಿಮ್ಮ ಮೇಲಿನ ಅಧಿಕಾರಿ ನಾನು. ಯಾರ ಅನುಮತಿ?"

ಮೀಟರಪ್ಪ ಬಾಗಿಲ ಕಡೆ ನೋಡಿದ. ಹೆಂಡತಿ ತುಂಬಿದ ಚೊಂಬು ಹಿಡಿದು ನಿಂತಿದ್ದಳು. ಅವಳ ಹಿಂದೆ ಟೈಲರಮ್ಮ, ಟೈಲರಮ್ಮನ ಹಿಂದೆ ಕೆಳತುದಿಯ ಅಷ್ಟೂ ಹೆಂಗಸರು. ಯಾರ ಸೊಂಟದ ಮೇಲೂ ಕೊಡವಿರಲಿಲ್ಲ.

ಮೇಡಂ ಅವರನ್ನು ನೋಡಿದರು. ಸವೆದು ಹೋಗಿದ್ದ ಹಳೆಯ ಫೈಲೊಂದನ್ನು ಜೀಪಿನಿಂದ ತರಿಸಿ ತಿರುವಿದರು. ಕೆಳತುದಿಯಿಂದ ವಾರಕ್ಕೆ ಒಂದರಂತೆ ಬರುತ್ತಿದ್ದ ನೀರಿನ ದೂರುಗಳು ಮೂರು ವಾರದಿಂದ ಇರಲಿಲ್ಲ. ಅವರು ಚೊಂಬು ಇಸಿದುಕೊಂಡು ನಿಧಾನವಾಗಿ ಪೂರ್ತಿ ಕುಡಿದರು.

"ನೀರು ಚೆನ್ನಾಗಿ ಬರ್ತಿದೆಯಾ?"

"ಬರ್ತಿದೆ ಮೇಡಂ" ಎಂದಳು ಹೆಂಡತಿ.

ಮೇಡಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಹಾಕಿ, ಮೇಲ್ತುದಿಯವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು: "ಅನುಮತಿ ಇಲ್ಲ ಅಂದಮೇಲೆ ನಾನೂ ಕೇಳೋ ಹಾಗಿಲ್ಲ. ಕಟರ್ ಒಳಗಿಡ್ರೀ." ಜೀಪು ಹತ್ತುವಾಗ ಮೀಟರಪ್ಪನ ಹತ್ತಿರ ದನಿ ತಗ್ಗಿಸಿ, "ಮೋಟಾರುಗಳ ವಿಷಯ ನೀವು ಮೊದಲೇ ಇಲಾಖೆಗೆ ತಿಳಿಸಬಹುದಿತ್ತು" ಎಂದರು.

"ಹನ್ನೊಂದು ವರ್ಷದಿಂದ ಬರೀತಿದೀನಿ ಮೇಡಂ. ಷರಾದಲ್ಲಿ."

"ಓ, ಷರಾದಲ್ಲಾ?" ಎಂದು ಮೇಡಂ ಹೊರಟುಹೋದರು.

ಹೆಡ್‌ಮಾಸ್ತರು ಮೇಲ್ತುದಿಯವರಿಗೆ, "ನೋಡಿದ್ರಾ? ಎಂಜಿನಿಯರ್‌ಗೂ ಹೇಳೋ ಹಾಗಿಲ್ವಂತೆ! ಇದು ತುಂಬ ಮೇಲಿಂದ ಬಂದಿದೆ" ಎನ್ನುತ್ತ ಮುಂದೆ ನಡೆದರು. ಉಳಿದವರು ತಲೆ ತಗ್ಗಿಸಿ ಹಿಂಬಾಲಿಸಿದರು.

ಭಾವಮೈದ ಮಾತ್ರ ಹೋಗಲಿಲ್ಲ. ಕಾರಿನ ಸುತ್ತ ಒಂದು ಸುತ್ತು ಬಂದ. ಬಾಗಿಲು ತೆಗೆದ. ಯಾರೂ ಕರೆಯದೆಯೇ ಪಕ್ಕದ ಸೀಟಿನಲ್ಲಿ ಕೂತ. ಮೀಟರಪ್ಪ ಓಡಿಹೋಗಿ ಈ ಕಡೆಯಿಂದ ಹತ್ತಿ ಕೀಲಿ ತಿರುಗಿಸಿದ. ಹಸಿರು ದೀಪ ಹತ್ತಿತು. ಆರೂ ಮುಳ್ಳು ಎದ್ದವು. ಭಾವಮೈದ ಒಂದು ಬೆರಳನ್ನು ಕನ್ಸೋಲಿನ ಅಂಚಿನ ಮೇಲಿಟ್ಟು, ಮೇಲಿನಿಂದ ಗೇರಿನ ಬುಡದವರೆಗೆ, ಬುಡದಿಂದ ಮತ್ತೆ ಮೇಲಕ್ಕೆ, ಸವರಿಕೊಂಡು ಹೋದ. ಟೈಲ್ಸ್ ವ್ಯಾಪಾರದವನ ಬೆರಳು ಅದು, ಎಲ್ಲೂ ತಡೆಯಲಿಲ್ಲ.

"ಎಷ್ಟು ನುಣುಪು ಭಾವ! ಒಂದು ಜೋಡಣೆ ಗುರುತು ಕಾಣಲ್ಲ. ನನ್ನ ಗಾಡೀಲೂ ಈ ಫಿನಿಶಿಂಗ್ ಇಲ್ಲ." ಅವನು ದನಿ ತಗ್ಗಿಸಿದ. "ನಿಜ ಹೇಳಿ. ಒಬ್ಬರು ಇಲಾಖೆ ಕೊಟ್ಟಿದ್ದು ಅಂತಾರೆ, ಒಬ್ಬರು ಟಾರ್ಪಾಲ್ ಒಳಗೆ ಮಾಡಿದ್ದು ಅಂತಾರೆ. ಇದನ್ನ ನೀವೇ ಕೈಯಾರೆ ಮಾಡಿದ್ದಾ?"

ಮೀಟರಪ್ಪ ಬಾಯಿ ತೆರೆದ. ನಾಲ್ಕು ಪದರ ಮ್ಯಾಟು, ಮೂರು ಸುತ್ತು ಬಣ್ಣ, ಕರಗಿದ ಮಗ್ಗು, ಹರಿದ ಅಂಗಿ, ಎರಡು ತಿಂಗಳ ತುರಿಕೆ, ಎಲ್ಲವೂ ನಾಲಿಗೆಯ ತುದಿಗೆ ಬಂದು ಸಾಲಾಗಿ ನಿಂತವು. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅವಳು ತಲೆಯಾಡಿಸಲೂ ಇಲ್ಲ, ಕಣ್ಣು ಕೆಕ್ಕರಿಸಲೂ ಇಲ್ಲ. ಸುಮ್ಮನೆ ನೋಡುತ್ತಿದ್ದಳು.

ಮೀಟರಪ್ಪ ಬಾಯಿ ಮುಚ್ಚಿದ. ಮತ್ತೆ ತೆರೆದ.

"ನನಗೆಲ್ಲಿ ಬರುತ್ತಪ್ಪ ಇಂಥ ಕೆಲಸ" ಎಂದ. "ಮೇಲಿನವರು ಕೊಟ್ಟಿದ್ದು."

"ಅದೇ ಅಂದ್ಕೊಂಡೆ" ಎಂದ ಭಾವಮೈದ. "ನಿಮ್ಮ ಕೈಯಲ್ಲಿ ಇಷ್ಟು ನೀಟಾಗಿ ಎಲ್ಲಿ ಆಗುತ್ತೆ."

ಇಳಿದು ಮನೆಗೆ ಹೋಗಿ ಹಿತ್ತಲಿನಲ್ಲಿ ಅಡಗಿಸಿ ಉಳಿಸಿಕೊಂಡಿದ್ದ ಎರಡನೇ ಮೋಟಾರನ್ನೂ ಬಿಚ್ಚಿದ.